ಒಂದು ಗಂಟೆ ಹದಿನೈದು ನಿಮಿಷಕ್ಕೆ ನಾನೆಲ್ಲಿದ್ದೆ

ಸಿಟ್ಟು ಆರುವ ಮೊದಲೇ ಇದನ್ನು ಬರೆದು ಮುಗಿಸಬೇಕು. ಆರಿದ ಮೇಲೆ ಬರೆದರೆ ನಾನು ಇದ್ದದ್ದಕ್ಕಿಂತ ಒಳ್ಳೆಯವಳಾಗಿ ಕಾಣುತ್ತೇನೆ. ನನ್ನ ನೆನಪು ಮಾಡುವ ಕೆಲಸವೇ ಅದು ಎಂದು ಈಗ ಗೊತ್ತಾಗಿದೆ. ಹಾಗಾಗಿ ಇಲ್ಲಿ ಬರುವ ಗಂಟೆ, ನಿಮಿಷಗಳನ್ನೆಲ್ಲ ದಾಖಲೆ ನೋಡಿ ಬರೆದಿದ್ದೇನೆ. ಮಾತುಗಳು ಮಾತ್ರ ನೆನಪಿನಿಂದ ಬಂದವು. ಅವನ್ನು ಅಷ್ಟಕ್ಕೆ ಅಷ್ಟೇ ನಂಬಿ.

ನಾನು ಸಿಂಗಪುರದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಬಳಿ ನಿಂತು, ಅವರನ್ನು ಮಲಗಿಸಿ, ಮಲಗಿದ್ದಷ್ಟು ಹೊತ್ತೂ ಉಸಿರು ಮತ್ತು ರಕ್ತದೊತ್ತಡ ಕಾದು, ಮತ್ತೆ ಎಬ್ಬಿಸುವವಳು. ಇಲ್ಲಿ ತಜ್ಞೆ ಅನ್ನಿಸಿಕೊಳ್ಳಲು ಬರೆದ ಪರೀಕ್ಷೆಗಳ ಕಥೆ ಬೇಡ. ಆ ಪಟ್ಟ ಒಮ್ಮೆ ಸಿಕ್ಕರೆ ಮುಗಿಯುವುದಿಲ್ಲ ಎಂಬುದಷ್ಟೇ ಈ ಬರಹಕ್ಕೆ ಮುಖ್ಯ. ಎರಡು ವರ್ಷಕ್ಕೊಮ್ಮೆ ಪ್ರಾಕ್ಟೀಸಿಂಗ್ ಸರ್ಟಿಫಿಕೇಟನ್ನು ನವೀಕರಿಸಬೇಕು. ನವೀಕರಿಸಲು ಕಲಿಕೆಯ ಪಾಯಿಂಟುಗಳು ಬೇಕು. ಉಪನ್ಯಾಸ ಕೇಳಿದರೆ ಪಾಯಿಂಟು. ಕೇಳಿದ್ದಕ್ಕೆ ಸಾಕ್ಷಿ, ಉಪನ್ಯಾಸದ ಕೊನೆಯಲ್ಲಿ ಪರದೆಯ ಮೇಲೆ ಕಾಲು ಗಂಟೆ ಕಾಣುವ ಕ್ಯೂಆರ್ ಕೋಡ್. ಸರ್ಟಿಫಿಕೇಟ್ ಇಲ್ಲದ ದಿನ ನಾನು ಯಾರನ್ನೂ ಮಲಗಿಸುವಂತಿಲ್ಲ. ನನ್ನದು ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು.

ಅಕ್ಟೋಬರಿನ ಒಂದು ಸೋಮವಾರ ಬೆಳಿಗ್ಗೆ ಆ ಇ-ಮೇಲ್ ಬಂತು. ವೈದ್ಯರ ಸರ್ಟಿಫಿಕೇಟ್ ಕೊಡುವ ಮೆಡಿಕಲ್ ಕೌನ್ಸಿಲ್‌ನವರು ಕೆಲವರ ಪಾಯಿಂಟುಗಳನ್ನು ತಪಾಸಣೆಗೆ ಎತ್ತಿಕೊಂಡಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಮಾರ್ಚ್ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆವರೆಗಿನ ಉಪನ್ಯಾಸಕ್ಕೆ ನಾನು ಹಾಜರಿದ್ದೇನೆಂದು ದಾಖಲಾಗಿದೆ. ಅದೇ ಹೊತ್ತಿಗೆ ಮೂರನೇ ಥಿಯೇಟರಿನಲ್ಲಿ ಒಬ್ಬ ರೋಗಿಯ ಅರಿವಳಿಕೆಯ ಹೊಣೆಯೂ ನನ್ನ ಹೆಸರಿನಲ್ಲೇ ಇದೆ. ಹದಿನಾಲ್ಕು ದಿನದೊಳಗೆ ವಿವರಣೆ ಕೊಡಿ.

ಎರಡರಲ್ಲಿ ಒಂದು ಸುಳ್ಳು. ನಾನು ಉಪನ್ಯಾಸದಲ್ಲಿದ್ದೆನೆಂದರೆ ಪ್ರಜ್ಞೆಯಿಲ್ಲದ ರೋಗಿಯನ್ನು ಬಿಟ್ಟು ಹೋಗಿದ್ದೆ, ಅದಕ್ಕೆ ಕ್ಷಮೆಯಿಲ್ಲ. ಥಿಯೇಟರಿನಲ್ಲಿದ್ದೆನೆಂದರೆ ಕೇಳದ ಉಪನ್ಯಾಸಕ್ಕೆ ಪಾಯಿಂಟು ತೆಗೆದುಕೊಂಡಿದ್ದೆ. ಅದಕ್ಕೆ ಸುಳ್ಳು ಘೋಷಣೆ ಎಂದು ಹೆಸರು, ಸರ್ಟಿಫಿಕೇಟು ನಿಲ್ಲಬಹುದು.

ನಾನು ರೋಗಿಯ ಬಳಿ ಇದ್ದೆ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಹಾಗಾದರೆ ಹಾಜರಿ ಹಾಕಿದ್ದು ಯಾರು?

ನಮ್ಮ ವಿಭಾಗದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಉಪನ್ಯಾಸ ಇಡುವುದು ಬುಧವಾರ ಮಧ್ಯಾಹ್ನ. ಎಲ್ಲ ಥಿಯೇಟರುಗಳೂ ತುಂಬಿರುವುದು ಬುಧವಾರ ಮಧ್ಯಾಹ್ನವೇ. ಮೊದಲು ಆ ಒಂದು ಗಂಟೆ ನಮ್ಮ ಜಾಗದಲ್ಲಿ ನಿಂತು ನಮ್ಮನ್ನು ಬಿಡಿಸಲು ಒಬ್ಬರನ್ನು ಕೊಡುತ್ತಿದ್ದರು. ಜನ ಸಾಲದೆಂದು ಅದನ್ನು ನಿಲ್ಲಿಸಿದರು. ಉಪನ್ಯಾಸ ಕಡ್ಡಾಯ, ಹೋಗುವ ದಾರಿ ಬಂದ್. ಆಗ ವಿಭಾಗದ ಮುಖ್ಯಸ್ಥರೇ ಒಂದು ಮೀಟಿಂಗಿನಲ್ಲಿ ನಗುತ್ತ ಹೇಳಿದ್ದರು: ಹಾಲ್‌ನಲ್ಲಿ ಇರುವವರು ಇಲ್ಲದವರನ್ನು ಮರೆಯಬೇಡಿ. ಅಂದಿನಿಂದ ಹಾಲ್‌ನಲ್ಲಿ ಕೂತವರು ಪರದೆಯ ಫೋಟೋ ತೆಗೆದು ವಿಭಾಗದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಥಿಯೇಟರಿನಲ್ಲಿ ನಿಂತವರು ಆ ಚಿತ್ರವನ್ನು ಬೆರಳಿನಿಂದ ಒತ್ತಿ, ತೆರೆದ ಪುಟದಲ್ಲಿ ತಮ್ಮ ನೋಂದಣಿ ಸಂಖ್ಯೆ ಹಾಕುತ್ತಾರೆ. ಹೀಗೆ ಇನ್ನೊಬ್ಬರ ಅರಿವು ತಪ್ಪಿಸುವ ನಾವು, ನಮ್ಮ ಕಲಿಕೆಯನ್ನೂ ಅರಿವಿಲ್ಲದೆಯೇ ಮುಗಿಸುತ್ತಿದ್ದೆವು.

ಎಲ್ಲರೂ ಮಾಡುತ್ತಿದ್ದರು. ನಾನು ಮಾಡುತ್ತಿರಲಿಲ್ಲ, ಅಥವಾ ಅಪರೂಪಕ್ಕೆ ಮಾಡುತ್ತಿದ್ದೆ, ಅದೂ ಕೇಸುಗಳ ನಡುವಿನ ಬಿಡುವಿನಲ್ಲಿ. ಆ ಸೋಮವಾರ ನಾನು ನಂಬಿದ್ದು ಹೀಗೆ.

ಆ ಬುಧವಾರದ ಕೇಸು ನನಗೆ ನೆನಪಿತ್ತು. ಎಂಬತ್ತು ದಾಟಿದ ಚೀನೀ ಅಜ್ಜಿ, ಸೊಂಟದ ಮೂಳೆ ಮುರಿದಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರಿಂದ ಬೆನ್ನಿಗೆ ಚುಚ್ಚುವಂತಿರಲಿಲ್ಲ, ಪೂರ್ತಿ ಮಲಗಿಸಬೇಕಿತ್ತು. ಹೃದಯವೂ ಸುಮಾರು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಒಂದು ಘಳಿಗೆಗೆ ನಾವು ಹೆದರುತ್ತೇವೆ: ಕೃತಕ ಕೀಲು ಭದ್ರವಾಗಿ ಕೂರಲೆಂದು ಸರ್ಜನ್ ತೊಡೆಮೂಳೆಯ ಟೊಳ್ಳಿಗೆ ಸಿಮೆಂಟ್ ತುಂಬಿ ಒತ್ತುವ ಘಳಿಗೆ. ಆಗ ಕೆಲವರ ರಕ್ತದೊತ್ತಡ ಧುತ್ತನೆ ಕುಸಿಯುತ್ತದೆ. ಅಪರೂಪಕ್ಕೆ ಹೃದಯವೇ ನಿಲ್ಲುತ್ತದೆ. ಅದಕ್ಕೇ ಆಕೆಯ ಮಣಿಕಟ್ಟಿನ ಧಮನಿಯಲ್ಲಿ ಸಣ್ಣ ಕೊಳವೆ ಇಟ್ಟು ಒತ್ತಡವನ್ನು ಬಿಡದೆ ನೋಡುತ್ತಿದ್ದೆ. ಯಂತ್ರ ಅದನ್ನು ತಾನಾಗಿ ನಿಮಿಷ ನಿಮಿಷಕ್ಕೆ ದಾಖಲಿಸುತ್ತದೆ. ಅಂದು ಒತ್ತಡ ಇಳಿಯಿತು, ಔಷಧ ಕೊಟ್ಟೆ, ಏರಿತು. ಮೂರನೇ ದಿನ ಅಜ್ಜಿ ವಾಕರ್ ಹಿಡಿದು ನಡೆದರು.

ನನ್ನ ದಿನಚರಿಯಲ್ಲಿ ಆ ದಿನದ ಪುಟ ತೆಗೆದೆ. ನಾನು ಬರೆದಿದ್ದುದು ಇಷ್ಟೇ: "ಲೆಕ್ಚರ್ ತಪ್ಪಿತು. ಸಿಮೆಂಟ್ ಹೊತ್ತಿಗೆ ಅಜ್ಜಿಯ ಬಿ.ಪಿ. ಇಳಿದು ಸರಿಹೋಯಿತು. ಊಟ ಮೂರು ಗಂಟೆಗೆ."

ಹಾಜರಿ ಹಾಕಿದೆ ಎಂದು ಎಲ್ಲೂ ಇರಲಿಲ್ಲ. ಅಂದರೆ ನಾನು ಹಾಕಿಲ್ಲ. ಹದಿನೈದು ವರ್ಷದಿಂದ ದಿನಚರಿ ಬರೆಯುವವಳಿಗೆ, ಅದು ಸುಳ್ಳು ಹೇಳದಿದ್ದರೂ ಬೇಡದ್ದನ್ನು ಬಿಟ್ಟುಬಿಡುತ್ತದೆ ಎಂಬುದು ಆ ಕ್ಷಣ ಹೊಳೆಯಲಿಲ್ಲ.

ಅನುಮಾನ ನೇರವಾಗಿ ನಮ್ಮ ಕಿರಿಯ ವೈದ್ಯೆಯ ಮೇಲೆ ಹೋಯಿತು. ಅವಳೂ ಕನ್ನಡದವಳು, ಹುಟ್ಟಿದ್ದು, ಬೆಳೆದದ್ದು ಇಲ್ಲಿಯ ಜುರಾಂಗ್ ಈಸ್ಟ್‌ನಲ್ಲಿ. ತರಬೇತಿಯ ಕೊನೆಯ ವರ್ಷ, ಮುಂದಿನ ಮಾರ್ಚಿನಲ್ಲಿ ಅವಳ ಎಕ್ಸಿಟ್ ಪರೀಕ್ಷೆ. ಅದು ಪಾಸಾದರೆ ಅವಳೂ ತಜ್ಞೆ. ಮೊದಲು ಯುಗಾದಿ ಊಟದಲ್ಲಿ ಅವಳ ಅಮ್ಮನ ಜೊತೆ ನೋಡಿದ್ದರಿಂದ ನನ್ನನ್ನು ಆಂಟಿ ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಹಾಗನ್ನಬೇಡ ಎಂದು ಎಷ್ಟು ಹೇಳಿದರೂ ಅವಳ ಬಾಯಿಗೆ ಬೇರೆ ಬರುತ್ತಿರಲಿಲ್ಲ. ಯಾರಿಗೆ ಯಾವ ದಿನ ಯಾವ ಥಿಯೇಟರ್ ಎಂಬ ವಿಭಾಗದ ರೋಸ್ಟರ್ ಮಾಡುವವಳು ಅವಳೇ. ಎಲ್ಲರ ನೋಂದಣಿ ಸಂಖ್ಯೆ ಅವಳ ಬಳಿ ಇತ್ತು. ಆ ಬುಧವಾರ ಹಾಲ್‌ನಲ್ಲಿ ಕೂತು ಗ್ರೂಪಿಗೆ ಫೋಟೋ ಹಾಕಿದ್ದವಳೂ ಅವಳೇ.

ಮಂಗಳವಾರ ಥಿಯೇಟರ್ ಪ್ಯಾಂಟ್ರಿಯಲ್ಲಿ ಸಿಕ್ಕಳು. ಇಬ್ಬರು ನರ್ಸುಗಳು ಕಾಫಿ ಕುಡಿಯುತ್ತ ನಿಂತಿದ್ದರು.

"ಮಾರ್ಚ್ ಲೆಕ್ಚರ್‌ಗೆ ನನ್ನ ನಂಬರ್ ಹಾಕಿದ್ದು ನೀನಾ?"

"ಇಲ್ಲ ಆಂಟಿ. ನಾನ್ಯಾಕೆ ಹಾಕ್ಲಿ?"

"ನನ್ನ ರಿಜಿಸ್ಟ್ರೇಷನ್ ನಂಬರ್ ನಿಂಗೆ ಗೊತ್ತು ತಾನೆ?"

"ಎಲ್ಲರದ್ದೂ ಗೊತ್ತು. ಬಟ್ ನಾನ್ ಹಾಕಿಲ್ಲ."

"ಹಾಗಾದ್ರೆ ದೆವ್ವ ಬಂದು ಹಾಕ್ತಾ?"

"ಘೋಸ್ಟ್‌ಗೂ ಒಟಿಪಿ ಬೇಕು ಲಾ, ಆಂಟಿ."

ನರ್ಸುಗಳಿಗೆ ಘೋಸ್ಟ್, ಒಟಿಪಿ, ಈ ಊರಿನವರು ಮಾತಿನ ಕೊನೆಗೆ ಸೇರಿಸುವ ಲಾ, ಅಷ್ಟು ಅರ್ಥವಾಗಿರಬೇಕು, ಕಿಸಕ್ಕನೆ ನಕ್ಕರು. ಆ ನಗು ನನಗೆ ಚುಚ್ಚಿತು. ಹಾಜರಿ ಹಾಕಲು ಅವರವರ ಫೋನಿಗೆ ಒಟಿಪಿ ಬರುವುದು ಶುರುವಾದದ್ದು ವರ್ಷದ ಮಧ್ಯದಲ್ಲಿ, ಮಾರ್ಚಿನಲ್ಲಿ ಇರಲೇ ಇಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ನಾನು ಇಂಗ್ಲಿಷಿಗೆ ಹೊರಳಿ, ಪರೀಕ್ಷೆಗೆ ಮೊದಲು ಎಲ್ಲರ ಕಣ್ಣಲ್ಲೂ ಒಳ್ಳೆಯವಳಾಗಲು ಹೋಗಿ ಇನ್ನೊಬ್ಬರ ಸರ್ಟಿಫಿಕೇಟಿನ ಮೇಲೆ ಕಲ್ಲು ಹಾಕಬೇಡ ಎಂದೆ. ಇಂಥವರನ್ನು ನಾಳೆ ತಜ್ಞೆ ಅನ್ನುತ್ತಾರೆ, ಇವರ ರೋಗಿಗಳನ್ನು ದೇವರೇ ಕಾಪಾಡಬೇಕು ಎಂದೆ. ನರ್ಸುಗಳಿಗೂ ಅರ್ಥವಾಗಲಿ ಎಂದೇ ಇಂಗ್ಲಿಷಿನಲ್ಲಿ ಹೇಳಿದ್ದು. ಈ ಉದ್ದೇಶ ನನಗೆ ಚೆನ್ನಾಗಿ ನೆನಪಿದೆ.

ಅವಳ ಮುಖ ಕೆಂಪಾಯಿತು. ಜೇಬಿನಿಂದ ಫೋನ್ ತೆಗೆದಳು. ಏನೋ ಹುಡುಕಿದಳು. ನರ್ಸುಗಳ ಕಡೆ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡು ಹೊರಟುಹೋದಳು.

ಬುಧವಾರ ಮುಖ್ಯಸ್ಥರು ಕರೆಸಿದರು. ಇಲ್ಲಿಯವರೇ, ಇಪ್ಪತ್ತು ವರ್ಷದಿಂದ ಇದೇ ಆಸ್ಪತ್ರೆಯಲ್ಲಿದ್ದಾರೆ. ನನಗೆ ಈ ಊರಿನಲ್ಲಿ ಕೈಹಿಡಿದು ಕಲಿಸಿದವರು. ಅವರ ಮೇಲೆ ನನಗಿರುವ ಸಿಟ್ಟನ್ನು ಬರೆಯುವಾಗ ಇದನ್ನೂ ಬರೆಯಬೇಕು. ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತರುತ್ತಿದ್ದೇನೆ.

"ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಮುಖ ಯಾಕೆ?" ಎಂದರು. "ಅವತ್ತು ಎಲ್ಲ ಥಿಯೇಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು ನಾನೇ. ಒಂದು ಗಂಟೆ ಹೊತ್ತಿಗೆ ಊಟಕ್ಕೆಂದು ಒಬ್ಬೊಬ್ಬರನ್ನೇ ಬಿಡಿಸುತ್ತ ಬರುತ್ತೇನೆ, ನಿನಗೆ ಗೊತ್ತು. ನಿನ್ನನ್ನೂ ಬಿಡಿಸಿರುತ್ತೇನೆ. ನೀನು ಹಾಲ್‌ಗೆ ಹೋಗಿ ಬಂದಿದ್ದೀಯ. ರೆಕಾರ್ಡಿನಲ್ಲಿ ಬರೆಯಲು ಮರೆತೆವು, ಅಷ್ಟೇ ಲಾ."

"ನೀವು ಬಂದಿದ್ದಿರಾ?"

"ಬಂದಿರಲೇಬೇಕು. ಲೇಟ್ ಎಂಟ್ರಿ ಹಾಕು. ಒಂದರಿಂದ ಒಂದೂವರೆವರೆಗೆ ನಾನು ನಿಂತಿದ್ದೆ ಅಂತ. ಕೆಳಗೆ ನಾನು ಸಹಿ ಮಾಡುತ್ತೇನೆ. ಮುಗಿಯಿತು."

ರೋಗಿಯ ದಾಖಲೆಗೆ ತಡವಾಗಿ ಸೇರಿಸಲು ಅವಕಾಶವಿದೆ. ಸೇರಿಸಿದ ದಿನ, ಹೊತ್ತು, ಕಾರಣ ಹಾಕಿದರೆ ಸಾಕು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಅವರು ನಿಜಕ್ಕೂ ಹಾಗೆ ಬಿಡಿಸುತ್ತ ಬರುವವರು. ನೂರು ಸಲ ಬಂದವರಿಗೆ ನೂರ ಒಂದನೆಯದನ್ನು ನೆನಪಿಸಿಕೊಳ್ಳುವುದು ಎಷ್ಟು ಹೊತ್ತು?

ಇನ್ನೂ ನಾಚಿಕೆಯ ಸಂಗತಿ, ಗುರುವಾರದ ಹೊತ್ತಿಗೆ ನನಗೂ ಅವರು ಕಾಣಿಸತೊಡಗಿದರು. ಯಂತ್ರದ ಪಕ್ಕದಲ್ಲಿ ನೀಲಿ ಬಟ್ಟೆಯ ಟೋಪಿ, ಕೈಕಟ್ಟಿ ನಿಂತ ಭಂಗಿ, ಅವರು ಕುತ್ತಿಗೆಗೆ ಹಚ್ಚುವ ಮುಲಾಮಿನ ವಾಸನೆ. ನಾನು "ಐದೇ ನಿಮಿಷ" ಎಂದು ಹೇಳಿ ಹೊರಟಿದ್ದೂ ನೆನಪಾಯಿತು. ದಿನಚರಿಯಲ್ಲಿ "ಲೆಕ್ಚರ್ ತಪ್ಪಿತು" ಅಂತಿದೆಯಲ್ಲ? ಮೊದಲರ್ಧ ತಪ್ಪಿತು ಎಂದಿರಬೇಕು. ಊಟ ಮೂರಕ್ಕೆ ಅಂತಿದೆಯಲ್ಲ? ಬಿಡಿಸಿದ್ದು ಲೆಕ್ಚರಿಗೆ, ಊಟಕ್ಕಲ್ಲವಲ್ಲ. ನನ್ನ ಕೈಬರಹವನ್ನೇ ನಾನು ಹೀಗೆ ತಿರುಚಿ ಓದಿದೆ. ಶುಕ್ರವಾರ ವುಡ್‌ಲ್ಯಾಂಡ್ಸ್‌ನ ಮನೆಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಲೇಟ್ ಎಂಟ್ರಿಯ ವಾಕ್ಯಗಳನ್ನು ಫೋನಿನಲ್ಲಿ ಬರೆದಿಟ್ಟೆ. ಚೆನ್ನಾಗಿಯೇ ಬಂದಿದ್ದವು.

ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುತ್ತ ಗಂಡನಿಗೆ ಎಲ್ಲ ಹೇಳಿದೆ. ಅವನು ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ ದುರಸ್ತಿ ಮಾಡುವ ಕಡೆ ಇದ್ದಾನೆ. ಅವನ ಸಹಿಯಿಲ್ಲದೆ ಎಂಜಿನ್ ಹೊರಗೆ ಹೋಗುವುದಿಲ್ಲ. ಆ ಸಹಿಗೂ ಲೈಸೆನ್ಸ್, ನವೀಕರಣ ಎಲ್ಲ ಇದೆ.

"ಟೈಮ್‌ಲೈನ್ ಮಾಡಿದ್ಯಾ?" ಎಂದ.

"ಯಾವ ಟೈಮ್‌ಲೈನ್? ನಂಗೆ ನೆನಪಿದೆ ಅಂದ್ನಲ್ಲ."

"ನೆನಪು ಕೇಳ್ಲಿಲ್ಲ. ನಮ್ಮಲ್ಲಿ ಒಂದ್ ಸ್ಪ್ಯಾನರ್ ಕಳೆದ್ರೂ ಯಾರ ನೆನಪನ್ನೂ ಮೊದ್ಲು ಕೇಳಲ್ಲ. ಕೇಳಿದ್ರೆ ಎಲ್ಲರಿಗೂ ಅದನ್ನ ವಾಪಸ್ ಇಟ್ಟಿದ್ದು ನೆನಪಿರತ್ತೆ. ಪೇಪರ್ಸ್ ಎಲ್ಲಾ ಒಂದೇ ಟೇಬಲ್ ಮೇಲೆ, ಟೈಮ್ ಪ್ರಕಾರ. ಆಮೇಲೆ ಮಾತು."

"ನಾನೇನು ಸ್ಪ್ಯಾನರ್ ಕದ್ದಿಲ್ಲ."

"ನೀನ್ ಕದ್ದೆ ಅಂದ್ನಾ? ಆ ಹುಡುಗಿ ಒಟಿಪಿ ಅಂದ್ಲಂತಲ್ಲ, ಅದನ್ನ ನೋಡಿದ್ಯಾ ಅಂದೆ. ಇಲ್ಲಿ ದೋಸೆ ಸೀದೋಗ್ತಿದೆ ನೋಡು."

ಅವನಿಗೆ ತೋರಿಸಲೆಂದೇ, ಬರೀ ಹಠಕ್ಕೆ, ಫೋನಿನ ಸಂದೇಶಗಳಲ್ಲಿ ಮಾರ್ಚಿನವರೆಗೆ ಹಿಂದೆ ಹೋದೆ. ಇತ್ತು. ಆ ಬುಧವಾರ, ಒಂದು ಗಂಟೆ ಹದಿನೈದು ನಿಮಿಷ. ಆರು ಅಂಕಿ, ಇದನ್ನು ಯಾರಿಗೂ ಕೊಡಬೇಡಿ ಎಂಬ ಎಚ್ಚರಿಕೆ. ನನ್ನ ಫೋನಿಗೆ ಬಂದದ್ದನ್ನು ನಾನಲ್ಲದೆ ಇನ್ಯಾರೂ ಹಾಕಲು ಸಾಧ್ಯವಿರಲಿಲ್ಲ. ಹಾಲ್‌ಗೆ ಹೋಗಿ ಹಾಕಿದೆನೋ, ಥಿಯೇಟರಿನಲ್ಲೇ ನಿಂತು ಹಾಕಿದೆನೋ ಎಂಬುದಷ್ಟೇ ಉಳಿಯಿತು.

ಸೋಮವಾರ ಏಳಕ್ಕೇ ಆಸ್ಪತ್ರೆಗೆ ಹೋಗಿ ಅಜ್ಜಿಯ ದಾಖಲೆ ತೆರೆದೆ. ಯಂತ್ರ ಬರೆದ ಸಾಲುಗಳ ಪಕ್ಕ ಫೋನ್ ಇಟ್ಟುಕೊಂಡೆ. 1:11, ಸಿಮೆಂಟ್. 1:12, ಮೇಲಿನ ಒತ್ತಡ ಎಪ್ಪತ್ತೆಂಟು. 1:13, ಔಷಧ ಕೊಟ್ಟದ್ದು; ಔಷಧದ ಸಾಲು ಯಂತ್ರ ತಾನಾಗಿ ಬರೆಯುವುದಿಲ್ಲ, ಪಾಸ್‌ವರ್ಡ್ ಹಾಕಿ ನಾನೇ ಒತ್ತಬೇಕು. 1:14, ನೂರ ಹನ್ನೆರಡು. ಇಲ್ಲಿಯವರೆಗೆ ನನ್ನ ನೆನಪಿನಲ್ಲಿದ್ದ ಹಾಗೇ. 1:15, ಒಟಿಪಿ. ಹಾಲ್ ಇರುವುದು ಇನ್ನೊಂದು ಬ್ಲಾಕಿನಲ್ಲಿ, ಏಳು ನಿಮಿಷದ ನಡಿಗೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮುಂದಿನ ಸಾಲುಗಳನ್ನೂ ಓದಿದೆ. 1:16, ಎಂಬತ್ತೆಂಟು. 1:17, ಎಪ್ಪತ್ತನಾಲ್ಕು, ಅಲಾರಂ ಕೂಗಿದ ಗುರುತು. 1:18, ಮತ್ತೆ ಔಷಧ. ಹಾಜರಿ ಸಲ್ಲಿಕೆಯಾದದ್ದು 1:16ಕ್ಕೆ.

ಒತ್ತಡ ಎರಡನೇ ಸಲವೂ ಕುಸಿದಿತ್ತು. ಆ ಎರಡನೇ ಕುಸಿತ ನನ್ನ ನೆನಪಿನಲ್ಲೂ ಇರಲಿಲ್ಲ, ದಿನಚರಿಯಲ್ಲೂ ಇರಲಿಲ್ಲ. ಮೊದಲನೆಯದಕ್ಕೆ ಅಲಾರಂ ಕೂಗುವ ಮೊದಲೇ ನನ್ನ ಕೈ ಸಿರಿಂಜಿನ ಮೇಲಿತ್ತು. ಎರಡನೆಯದಕ್ಕೆ ಅಲಾರಂ ನನ್ನನ್ನು ಕರೆಯಬೇಕಾಯಿತು. ಏಕೆಂದರೆ ನಾನು ತಲೆ ಬಗ್ಗಿಸಿ ಆರು ಅಂಕಿ ಒತ್ತುತ್ತಿದ್ದೆ. ಎರಡು ನಿಮಿಷ. ಯಾರು ಆ ದಾಖಲೆ ನೋಡಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಅದರ ಪಕ್ಕ ನನ್ನ ಫೋನ್ ಇಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ. ಅಜ್ಜಿಯ ಹೃದಯ ತಡೆದುಕೊಂಡಿತು. ಅದು ಅಜ್ಜಿಯ ಗಟ್ಟಿತನ, ನನ್ನದಲ್ಲ.

ಎಲ್ಲರೂ ಮಾಡುವುದು, ರೋಸ್ಟರ್ ಸರಿಯಿಲ್ಲ, ಜನ ಕಡಿಮೆ ಎಂದೆಲ್ಲ ಒಂದು ವಾರದಿಂದ ಸಿಟ್ಟಾಗಿದ್ದೆನಲ್ಲ, ಅದೆಲ್ಲ ನಿಜ. ಇಂದೂ ನಿಜ. ಆದರೆ ಆ ಮೂಳೆಯೊಳಗೆ ಸಿಮೆಂಟ್ ಒತ್ತುವಾಗ ಫೋನ್ ತೆಗೆ ಎಂದು ರೋಸ್ಟರ್ ಹೇಳಿರಲಿಲ್ಲ.

ಕಿರಿಯಳನ್ನು ಹುಡುಕಿಕೊಂಡು ಹೋದೆ. ಮೊದಲ ಕೇಸಿಗೆ ಔಷಧಗಳನ್ನು ಸಿರಿಂಜಿಗೆ ತುಂಬಿ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ತಪ್ಪಾಯಿತು, ಹಾಕಿದ್ದು ನಾನೇ ಎಂದೆ. ತಿರುಗಿ ನೋಡಲಿಲ್ಲ.

"ಗೊತ್ತು," ಎಂದಳು. "ಮಂಗಳವಾರಾನೇ ಗೊತ್ತಿತ್ತು."

ಕೈಗವಸು ತೆಗೆದು, ಫೋನ್ ತೆರೆದು ನನ್ನ ಮುಂದೆ ಹಿಡಿದಳು. ಆ ಬುಧವಾರ 12:52ಕ್ಕೆ ನಾನು ಅವಳಿಗೆ ಬೇರೆಯಾಗಿ ಕಳಿಸಿದ್ದ ಸಂದೇಶ: "ಕೋಡ್ ಬಂದ ತಕ್ಷಣ ಗ್ರೂಪಿಗೆ ಹಾಕು. ನನಗೆ ಆಗ ಸಿಮೆಂಟ್ ಹೊತ್ತು ಇರಬಹುದು. ಮಿಸ್ ಆಗಬಾರದು."

ಸಿಮೆಂಟ್ ಹೊತ್ತು ಎಂದು ನನಗೆ ಮೊದಲೇ ಗೊತ್ತಿತ್ತು. ನನ್ನ ಫೋನಿನಲ್ಲೂ ಆ ಸಂದೇಶ ಏಳು ತಿಂಗಳಿಂದ ಇತ್ತು.

"ಅವತ್ತೇ ಯಾಕೆ ತೋರಿಸ್ಲಿಲ್ಲ?"

"ನರ್ಸಸ್ ಇದ್ರು ಆಂಟಿ. ಎಲ್ಲರ ಮುಂದೆ ನಿಮಗೆ ಹೇಗೆ ತೋರ್ಸ್ಲಿ?"

ಎಲ್ಲರ ಮುಂದೆ ನಾನು ಅವಳಿಗೆ ಹೇಳಿದ್ದು ನೆನಪಾಯಿತು. ಕೌನ್ಸಿಲ್‌ಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ ಎಂದೆ. ಆಗ ಅವಳು ಮೊದಲ ಸಲ ಸಿಟ್ಟಾದಳು.

"ಬರೀರಿ. ಬಟ್ ಫೋಟೋ ಹಾಕಿದ್ದು ನಾನು. ಮಾರ್ಚಲ್ಲಿ ನನ್ನ ಎಕ್ಸಿಟ್ ಎಕ್ಸಾಮ್. ಬಾಸ್ ಹೇಳಿದ್ರು ಅಂತ ಹಾಕ್ದೆ, ನೀವು ಕೇಳಿದ್ರಿ ಅಂತ ಹಾಕ್ದೆ. ಈಗ ನಿಮ್ಮ ಸತ್ಯಕ್ಕೆ ನನ್ನ ಎಕ್ಸಾಮೂ ಬೇಕಾ?"

"ಬೇಡ. ನೀನು ಹಾಕಿದ್ದನ್ನ ಬರಿಯಲ್ಲ. ನಾನು ಕೇಳಿದ್ದನ್ನ ಬರೀತೀನಿ."

"ಅವರು ಯಾರು ಅಂತ ಕೇಳಿದ್ರೆ?"

"ಕೇಳಿದ್ರೆ ನೋಡೋಣ."

"ನೋಡೋಣ ಅಂದ್ರೆ?" ಎಂದಳು. ಕೇಳಿದ್ದರೆ ಏನು ಬರೆಯುತ್ತಿದ್ದೆನೋ ನನಗೆ ಗೊತ್ತಿಲ್ಲ. ಕೌನ್ಸಿಲ್‌ನವರು ಕೇಳಲಿಲ್ಲ, ಅಷ್ಟೇ.

ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಎರಡು ವರ್ಷದ ಪಾಯಿಂಟುಗಳ ಪಟ್ಟಿ ಎದುರಿಗಿಟ್ಟು, ಪ್ರತಿಯೊಂದಕ್ಕೂ ಆ ದಿನದ ಥಿಯೇಟರ್ ಪಟ್ಟಿ ತೆಗೆದೆ. ಅಪರೂಪಕ್ಕೆ ಮಾಡುತ್ತಿದ್ದೆ ಅಂದುಕೊಂಡಿದ್ದೆನಲ್ಲ? ಮಾರ್ಚಿನದ್ದು ಬಿಟ್ಟು ಒಂಬತ್ತು ಸಿಕ್ಕವು. ಕೇಸುಗಳ ನಡುವಿನ ಬಿಡುವಿನಲ್ಲಿ ಹಾಕಿದ್ದು ಅವುಗಳಲ್ಲಿ ಎರಡೇ.

ಪತ್ರ ಒಂದು ಪುಟವಾಯಿತು. ನಾನು ರೋಗಿಯ ಬಳಿ ಇದ್ದೆ. ಉಪನ್ಯಾಸದಲ್ಲಿರಲಿಲ್ಲ. ಕೋಡನ್ನು ನಾನೇ ಕೇಳಿ ತರಿಸಿಕೊಂಡು ಥಿಯೇಟರಿನಲ್ಲಿ ನಿಂತು ಹಾಜರಿ ಹಾಕಿದೆ. ಇಂಥವೇ ಇನ್ನೂ ಒಂಬತ್ತು ಇವೆ, ಎಲ್ಲವನ್ನೂ ಹೊಡೆದುಹಾಕಿ. ನಮ್ಮ ವಿಭಾಗದಲ್ಲಿ ಉಪನ್ಯಾಸದ ಹೊತ್ತಿಗೆ ಬಿಡಿಸುವವರಿಲ್ಲ. ಇದು ಕಾರಣ, ಸಮರ್ಥನೆಯಲ್ಲ. ಕೊನೆಗೆ ಆ ಎರಡು ನಿಮಿಷದ ಬಗ್ಗೆ ನಾಲ್ಕು ಸಾಲು, ದಾಖಲೆಯ ಅಂಕಿಗಳ ಸಹಿತ.

ಪ್ರತಿಯನ್ನು ಮುಖ್ಯಸ್ಥರಿಗೆ ಕೊಟ್ಟೆ. ಓದಿದರು. ಕನ್ನಡಕ ತೆಗೆದಿಟ್ಟರು.

"ನಾನು ಸಹಿ ಮಾಡುತ್ತೇನೆ ಅಂದೆ. ನನ್ನ ಹೆಸರನ್ನು ನಿನಗಾಗಿ ಕೊಡುತ್ತೇನೆ ಅಂದೆ."

"ನೀವು ಅವತ್ತು ಬಂದಿರಲಿಲ್ಲ. 1:13ಕ್ಕೂ 1:18ಕ್ಕೂ ಔಷಧ ಒತ್ತಿದ್ದು ನನ್ನ ಪಾಸ್‌ವರ್ಡ್."

"ಸರಿ, ಬಂದಿರಲಿಲ್ಲ. ಆದರೆ ಈ ಕೊನೆಯ ನಾಲ್ಕು ಸಾಲು ಯಾಕೆ? ಯಾರು ಕೇಳಿದರು? ರೋಗಿ ನಡೆದುಕೊಂಡು ಮನೆಗೆ ಹೋದಳು."

"ನನಗೆ ಸಿಕ್ಕಿದ್ದು ಅದೇ."

"ನಿನ್ನ ಮನಸ್ಸಾಕ್ಷಿ ತೊಳೆಯಲು ನನ್ನ ಇಡೀ ವಿಭಾಗದ ನೀರು ಬೇಕು ನಿನಗೆ," ಎಂದರು. ಈ ಮಾತನ್ನು ಅಂದೇ ದಿನಚರಿಯಲ್ಲಿ ಬರೆದಿಟ್ಟೆ. ಹಾಗಾಗಿ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಅದರಲ್ಲಿ ನಿಜವೂ ಇತ್ತು. ಆದರೆ ನನಗೂ ಸಿಟ್ಟು ಬಂತು. ಲೆಕ್ಚರ್ ದಿನ ಬಿಡಿಸಲು ಒಬ್ಬರನ್ನು ಕೊಡಿ, ಇದ್ಯಾವುದೂ ಬೇಕಾಗುವುದಿಲ್ಲ ಎಂದೆ. ಜನ ಎಲ್ಲಿದ್ದಾರೆ ಎಂದರು. ಹಾಗಾದರೆ ಲೆಕ್ಚರನ್ನೇ ನಿಲ್ಲಿಸಿ ಎಂದೆ. ಕಡ್ಡಾಯ ಎಂದರು. ಇಬ್ಬರೂ ಜೋರಾಗಿಯೇ ಮಾತಾಡಿದೆವು. ಆಮೇಲೆ ಅವರು ಬಹಳ ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ನವೆಂಬರ್ ಮಧ್ಯದಲ್ಲಿ ಉತ್ತರ ಬಂತು. ಹತ್ತು ಪಾಯಿಂಟು ರದ್ದು. ಲಿಖಿತ ಎಚ್ಚ‌ರಿಕೆ, ಅದು ನನ್ನ ಕಡತದಲ್ಲಿ ಉಳಿಯುತ್ತದೆ. ಡಿಸೆಂಬರ್ ಮುಗಿಯುವುದರೊಳಗೆ ಕೊರತೆ ತುಂಬಿದರೆ ಮಾತ್ರ ನವೀಕರಣ. ಪಾಯಿಂಟುಗಳ ಬಗ್ಗೆ ನಾಲ್ಕು ಪ್ಯಾರಾ ಇತ್ತು. ಆ ಎರಡು ನಿಮಿಷದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಕಾಗದ ತಿರುಗಿಸಿ ಹಿಂದೆಯೂ ನೋಡಿದೆ. ಆ ಸಾಲುಗಳಿಗಾಗಿ ನನ್ನನ್ನು ಶಿಕ್ಷಿಸಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನನ್ನು ಕೂರಿಸಿ, ಅಲಾರಂ ಕೂಗುವವರೆಗೆ ಎಲ್ಲಿ ನೋಡುತ್ತಿದ್ದೆ ಎಂದು ಯಾರಾದರೂ ಕೇಳಬೇಕಿತ್ತು. ನಾನು ಕೆಲಸಕ್ಕೆ ಯೋಗ್ಯಳೋ ಅಲ್ಲವೋ ಎಂದು ತೀರ್ಮಾನಿಸುವವರಿಗೆ ಬೇಕಾಗಿದ್ದುದು ಪಾಯಿಂಟು.

ಆರು ಶನಿವಾರಗಳು ಹೋದವು. ಬೇರೆ ಆಸ್ಪತ್ರೆಗಳ ಹಾಲ್‌ಗಳಲ್ಲಿ ಮುಂದಿನ ಸಾಲಿನಲ್ಲೇ ಕೂತು ಹತ್ತು ಪಾಯಿಂಟು ಸಂಪಾದಿಸಿದೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಎರಡು ಉಪನ್ಯಾಸ ಬಹಳ ಚೆನ್ನಾಗಿದ್ದವು. ಒಂದು ಸಿಮೆಂಟ್ ಬಗ್ಗೆಯೇ ಇತ್ತು. ಅದನ್ನು ಮಾರ್ಚಿನಲ್ಲೇ ಕೇಳಬೇಕಾಗಿದ್ದವಳು ನಾನು. ಡಿಸೆಂಬರ್ ಕೊನೆಯ ವಾರ ಸರ್ಟಿಫಿಕೇಟ್ ಬಂತು.

ಹೊಸ ವರ್ಷದಲ್ಲಿ ವಾರಕ್ಕೊಂದು ದಿನ ನನಗೆ ಸಿಗುವ ಆಫೀಸು ಕೆಲಸದ ದಿನವನ್ನು ಬುಧವಾರಕ್ಕೆ ಬದಲಿಸಿಕೊಂಡೆ. ಮುಖ್ಯಸ್ಥರು ಯಾಕೆ ಎಂದು ಕೇಳದೆ ಒಪ್ಪಿದರು. ಬುಧವಾರ ಹನ್ನೆರಡೂವರೆಗೆ ಯಾವುದಾದರೂ ಒಂದು ಥಿಯೇಟರಿಗೆ ಹೋಗಿ, ಅಲ್ಲಿರುವವರನ್ನು ಹಾಲ್‌ಗೆ ಕಳಿಸುತ್ತೇನೆ. ವಾರಕ್ಕೆ ಒಬ್ಬರು. ಇದರಿಂದ ವಿಭಾಗವೇನೂ ಸುಧಾರಿಸಿಲ್ಲ. ಕೆಲವರಿಗೆ ಇದು ನನ್ನ ಹೊಸ ಜಂಬ. ಒಬ್ಬರಂತೂ ಫೋನಿನಿಂದ ತಲೆಯೆತ್ತದೆ, ಬೇಡ, ನಾನು ಇಲ್ಲೇ ಕಂಫರ್ಟಬಲ್ ಎಂದರು.

ಫೆಬ್ರವರಿಯ ಒಂದು ಬುಧವಾರ ಮೂರನೇ ಥಿಯೇಟರಿನಲ್ಲಿ ಕಿರಿಯಳಿದ್ದಳು. ಮತ್ತೆ ಸೊಂಟದ ಮೂಳೆ, ಈ ಸಲ ಒಬ್ಬ ಮಲಯ ಅಜ್ಜ. ನನ್ನ ಫೋನ್ ಲಾಕರಿನಲ್ಲಿತ್ತು. ಅವಳು ಔಷಧಗಳು, ಒತ್ತಡ, ರಕ್ತ ಹೋದದ್ದು ಎಲ್ಲ ಒಪ್ಪಿಸಿ ಹೊರಟಳು. ಒಂದು ಗಂಟೆ ದಾಟಿದ ಮೇಲೆ ಸಿಮೆಂಟ್ ಬಂತು. ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಒತ್ತಡ ಸ್ವಲ್ಪ ಇಳಿಯಿತು, ಏರಿತು. ಮತ್ತೆ ಇಳಿಯುತ್ತದೋ ಎಂದು ಕಾದೆ. ಇಳಿಯಲಿಲ್ಲ.

ಅವಳು ವಾಪಸಾದಳು.

"ಹಾಲ್‌ನಲ್ಲಿ ಎಷ್ಟು ಜನ?" ಎಂದೆ.

"ಏಳು. ಸ್ಪೀಕರ್ ಸೇರಿದ್ರೆ ಎಂಟು." ಮಾಸ್ಕಿನ ಹಿಂದಿನಿಂದ ಹೇಳಿದಳು: "ಹೊಸ ಗ್ರೂಪ್ ಇದೆ ಆಂಟಿ. ಮಕಾನ್ ಅಂತ ಹೆಸರು, ಮಲಯದಲ್ಲಿ ಊಟ ಅಂತಾರಲ್ಲ, ಅದು. ಎಲ್ಲರೂ ಇದ್ದಾರೆ. ನಿಮ್ಮನ್ನ ಹಾಕಿಲ್ಲ."

"ಇವತ್ತು ಫೋಟೋ ಹಾಕಿದ್ದು ಯಾರು?"

"ನಾನಲ್ಲ."

ಅದೇ ಹಳೆಯ ಸಿಟ್ಟು ಎದ್ದಿತು. ಕೈಯಲ್ಲಿ ಕೆಲಸವಿದ್ದದ್ದು ಒಳ್ಳೆಯದಾಯಿತು.

"ಲೆಕ್ಚರ್ ಹೇಗಿತ್ತು?"

"ಸೋ ಬೋರಿಂಗ್ ಲಾ. ಅರ್ಧದಲ್ಲಿ ನಿದ್ದೆ ಬಂತು."

"ನಿದ್ದೆ ಮಾಡಿದ್ದು ಅಲ್ಲೇ ತಾನೆ?"

"ಅಲ್ಲೇ. ಎರಡನೇ ಸಾಲು," ಎಂದಳು. ಕಣ್ಣು ಸಣ್ಣಗಾದದ್ದು ನೋಡಿ ನಕ್ಕಳು ಎಂದುಕೊಂಡೆ.

ಅಜ್ಜನನ್ನು ಅವಳಿಗೆ ಒಪ್ಪಿಸಿದೆ. ಆಮೇಲೆ ಯಂತ್ರದ ಮುಂದೆ ನಿಂತು, ನನ್ನ ಪಾಸ್‌ವರ್ಡ್ ಹಾಕಿ ಬರೆದೆ: ಬಿಡಿಸಿದ್ದು 12:31, ಮರಳಿಸಿದ್ದು 1:42. ಅವಳ ಹೆಸರು, ನನ್ನ ಹೆಸರು. ಅವಳು ನನ್ನ ಭುಜದ ಮೇಲಿಂದ ಬಗ್ಗಿ, ಗೋಡೆಯ ಗಡಿಯಾರ ನೋಡಿ, ಪರದೆಯ ಅಂಕಿ ನೋಡಿ, "1:43 ಆಂಟಿ," ಎಂದಳು.

ತಿದ್ದಿದೆ.